ತೂಕ ಎಷ್ಟು ಅಂತ ಪೈಲಟ್ ಕೇಳಿದರೆ

ಕೇಳುಗರೇ, ನಮಸ್ಕಾರ.

ಚಿಕ್ಕ ಹೆಲಿಕಾಪ್ಟರ್ ಹತ್ತುವ ಮುಂಚೆ ಪೈಲಟ್ ನಿಮ್ಮ ತೂಕ ಕೇಳುತ್ತಾರೆ. ನಾಚಿಕೆಗೆ ನಾಲ್ಕೈದು ಕಿಲೋ ಕಡಿಮೆ ಹೇಳಿಬಿಡುವವರು ಬೇಕಾದಷ್ಟು ಜನ. ಶೂ, ಜಾಕೆಟ್, ಕ್ಯಾಮೆರಾ ಅಂತೂ ನೆನಪಿಗೇ ಬರುವುದಿಲ್ಲ. ಅಷ್ಟಕ್ಕೆ ಏನು ಮಹಾ ಆಗುತ್ತೆ, ಅಲ್ವಾ?

ಲೆಕ್ಕ ಹಾಕಿ ನೋಡೋಣ. ರಾಬಿನ್ಸನ್ ಆರ್22 ಅಂತ ಎರಡು ಸೀಟಿನ ಹೆಲಿಕಾಪ್ಟರ್ ಇದೆ. ಎಲ್ಲ ಸೇರಿ ಅದರ ತೂಕ ಸುಮಾರು 620 ಕಿಲೋ ದಾಟಬಾರದು. ಖಾಲಿ ಯಂತ್ರವೇ ಸುಮಾರು 400 ಕಿಲೋ. ಉಳಿದದ್ದು 220. ತಲಾ 85 ಕಿಲೋ ತೂಗುವ ಇಬ್ಬರು ಕೂತರೆ 170 ಹೋಯಿತು. ಇನ್ನು 50 ಕಿಲೋ ಪೆಟ್ರೋಲಿಗೆ, ಅಂದರೆ 70 ಲೀಟರಿನ ಆಸುಪಾಸು. ಆದರೆ ಎರಡು ಟ್ಯಾಂಕ್ ಸೇರಿ ಸುಮಾರು 100 ಲೀಟರ್ ಹಿಡಿಯುತ್ತವೆ. ಜಾಗ ಇದೆಯಲ್ಲ ಅಂತ ತುಂಬಿಸಿದರೆ ಮಿತಿ ದಾಟಿದಂತೆಯೇ.

ಜಾಸ್ತಿ ಭಾರ ಮೊದಲು ಗೊತ್ತಾಗುವುದೇ ಇಲ್ಲ. ನೆಲಕ್ಕೆ ಹತ್ತಿರ ತೇಲಲು ಕಡಿಮೆ ಶಕ್ತಿ ಸಾಕು, ಹಾಗಾಗಿ ಹೆಲಿಕಾಪ್ಟರ್ ಆರಾಮಾಗಿ ಏಳುತ್ತದೆ. ಮೇಲೆ ಹೋದಂತೆ ಆ ಅನುಕೂಲ ತಪ್ಪುತ್ತದೆ. ಬಿಸಿಲು ಜೋರಿದ್ದರೆ, ಬೆಟ್ಟದ ಎತ್ತರವಿದ್ದರೆ ಗಾಳಿಯೂ ತೆಳು. ಪೈಲಟ್ ಇನ್ನಷ್ಟು ಎತ್ತಲು ನೋಡಿದಾಗ ಎಂಜಿನ್ ಸೋಲುತ್ತದೆ, ರೋಟರ್, ಅಂದರೆ ತಲೆಯ ಮೇಲೆ ತಿರುಗುವ ರೆಕ್ಕೆ, ನಿಧಾನವಾಗುತ್ತದೆ. ಅದು ತಿರುಗುವ ವೇಗ ನೂರರಿಂದ ತೊಂಬತ್ತಕ್ಕೆ ಇಳಿದರೆ ಎತ್ತುವ ಬಲ ಎಂಬತ್ತೊಂದಕ್ಕೇ ಇಳಿಯುತ್ತದೆ. ಹೆಲಿಕಾಪ್ಟರ್ ಇಳಿಯುತ್ತಿದೆ ಅಂತ ಮೇಲೆತ್ತುವ ಲಿವರನ್ನು ಮತ್ತೆ ಎಳೆದರೆ ರೋಟರ್ ಇನ್ನೂ ನಿಧಾನ. ಅಂಥ ಹೊತ್ತಲ್ಲಿ ಕೈ ತಾನಾಗಿಯೇ ಎಳೆಯುತ್ತದೆ, ಅದೇ ಕಷ್ಟ.

ಭಾರ ಮಿತಿಯೊಳಗಿದ್ದರೂ ಮುಗಿಯಲಿಲ್ಲ. ಭಾರ ಎಲ್ಲಿ ಕೂತಿದೆ ಅನ್ನುವುದು ನನ್ನ ಮಟ್ಟಿಗೆ ಇನ್ನೂ ದೊಡ್ಡ ಮಾತು. ಮೊಳೆಗೆ ಚೀಲ ನೇತುಹಾಕಿ, ಒಂದು ಮೂಲೆಗೆ ಕಲ್ಲು ಹಾಕಿ. ಚೀಲ ವಾಲುತ್ತದೆ. ಹೆಲಿಕಾಪ್ಟರಿನ ದೇಹವೂ ರೋಟರಿಗೆ ಹೀಗೇ ನೇತಾಡುತ್ತದೆ. ಮುಂದೆ ಭಾರವಾದರೆ ಮೂತಿ ತಗ್ಗುತ್ತದೆ, ಪೈಲಟ್ ಸ್ಟಿಕ್ಕನ್ನು, ಅಂದರೆ ಹೆಲಿಕಾಪ್ಟರನ್ನು ಹಿಂದೆ ಮುಂದೆ ವಾಲಿಸುವ ಕೋಲನ್ನು, ಹಿಂದೆಳೆದು ಸರಿದೂಗಿಸುತ್ತಾರೆ. ಆದರೆ ನಿಲ್ಲಿಸುವುದಕ್ಕೂ ಅದನ್ನೇ ಹಿಂದೆಳೆಯಬೇಕು. ಎಳೆಯಲು ಜಾಗವೇ ಉಳಿದಿಲ್ಲದಿದ್ದರೆ? ಎಂಜಿನ್ ಕೆಟ್ಟು ಇಳಿಯುವಾಗ ಮೂತಿ ಎತ್ತಿ ವೇಗ ಮುರಿಯುವುದೂ ಆಗುವುದಿಲ್ಲ. ಎದುರುಗಾಳಿ ಜೋರಿದ್ದರೆ ಸ್ಟಿಕ್ ಅಷ್ಟು ಹಿಂದೆ ಬೇಕಾಗದೆ, ಹೊರಡುವಾಗ ಈ ತಪ್ಪು ಮರೆಯಾಗಿಯೂ ಇರಬಹುದು.

ಆರ್22ರಲ್ಲಿ ಇನ್ನೊಂದು ಸಂಗತಿ ಇದೆ. ಟ್ಯಾಂಕುಗಳು ಹಿಂದಿವೆ. ಪೆಟ್ರೋಲ್ ಉರಿದಂತೆಲ್ಲ ತೂಕದ ನಡುಬಿಂದು ಮುಂದೆ ಸರಿಯುತ್ತದೆ. ಏರುವಾಗ ಸರಿಯಿದ್ದದ್ದು ಇಳಿಯುವಾಗ ಸರಿ ಇಲ್ಲದಿರಬಹುದು. ಅದಕ್ಕೇ ಲೆಕ್ಕ ಎರಡು ಸಲ ಹಾಕಬೇಕು: ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದಾಗ ಒಮ್ಮೆ, ಮುಗಿಯುತ್ತ ಬಂದಾಗ ಒಮ್ಮೆ. ತೆಳ್ಳಗಿನವರಿಗೂ ಬಿಡುವಿಲ್ಲ. ಒಬ್ಬರೇ ಹಾರುವ ಪೈಲಟ್ ಸುಮಾರು 60 ಕಿಲೋಗಿಂತ ಕಡಿಮೆ ಇದ್ದರೆ ಮುಂದೆ ಭಾರ ಸೇರಿಸಬೇಕಾಗಬಹುದು. ಇಲ್ಲದಿದ್ದರೆ ಹಿಂದೆ ಭಾರ ಹೆಚ್ಚಾಗಿ ಮೂತಿ ಏಳುತ್ತದೆ, ಈಗ ಸ್ಟಿಕ್ಕಿಗೆ ಮುಂದಿನ ಜಾಗ ಸಾಲದು.

ಮುಂದಿನ ಸಲ ಗಮನಿಸಿ. ಹೆಲಿಕಾಪ್ಟರ್ ನೆಲದಿಂದ ಒಂದೆರಡು ಮೀಟರ್ ಎದ್ದು ಕೆಲವು ಸೆಕೆಂಡ್ ಸುಮ್ನೆ ನಿಂತಂತೆ ಕಾಣುತ್ತದೆ. ಆಗ ಪೈಲಟ್ ಸ್ಟಿಕ್ ಎಲ್ಲಿದೆ, ಎಂಜಿನ್ನಿಗೆ ಇನ್ನೆಷ್ಟು ಶಕ್ತಿ ಉಳಿದಿದೆ ಅಂತ ನೋಡುತ್ತಿರುತ್ತಾರೆ. ಮತ್ತೆ ಕೆಳಗಿಳಿಸಿ, ‘ಆ ಚೀಲ ತೆಗೀರಿ’ ಅಂದರೆ ತೆಗೆದುಬಿಡಿ.

ನಮಸ್ಕಾರ.