ನಮ್ಮ ನೀರಲ್ಲೇ ಫ್ಲೋರೈಡ್ ಜಾಸ್ತಿ, ಮತ್ತೆ ಮಗುವಿನ ಹಲ್ಲಿಗೆ ಯಾಕೆ ಹಚ್ಚುತ್ತಾರೆ?

[ಕ್ಯಾಮೆರಾ ತೀರಾ ಹತ್ತಿರ. ನಿರೂಪಕ ಹಲ್ಲು ತೋರಿಸುತ್ತಾ]

ನಮಸ್ಕಾರ. ಮೊದಲು ನನ್ನ ಮುಂದಿನ ಎರಡು ಹಲ್ಲು ನೋಡಿಬಿಡಿ. ಅಡ್ಡಡ್ಡ ಕಂದು ಪಟ್ಟಿ ಇದೆ ಅಲ್ವಾ? ಗುಟ್ಕಾ ಅಲ್ಲ, ಅವ್ವನಾಣೆ. ಅದು ಕೊಪ್ಪಳ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಎಂಬ ಖನಿಜಾಂಶದ ಕೊಡುಗೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಣ್ಣ ಹಲ್ಲಿನ ಮೇಲೆ ಕೂತಿಲ್ಲ, ಒಳಗೇ ಸೇರಿಕೊಂಡಿದೆ.

ಹೋದ ವಾರ ಕುಷ್ಟಗಿ ಕಡೆಯ ಒಬ್ಬ ತಾಯಿ ಕೇಳಿದರು: "ಮಗನಿಗೆ ಐದು ವರ್ಷ, ಹಲ್ಲು ಹುಳುಕಾಗ್ಯಾವ. ಡಾಕ್ಟರು ಫ್ಲೋರೈಡ್ ಹಚ್ತೀನಿ ಅಂತಾರ. ನಮ್ಮೂರ ನೀರಾಗ ಇರೋದ ಫ್ಲೋರೈಡ್ ರೀ. ಉಪ್ಪಿನಕಾಯಿಗೆ ಮತ್ತ ಉಪ್ಪು ಸುರಿದಂಗ ಆಗಲ್ಲೇನು?"

ಸರಿಯಾಗಿಯೇ ಕೇಳಿದ್ದಾರೆ.

ಬೇಸಿಕ್ಸ್ ಬೇಗ ಮುಗಿಸೋಣ. ಸಿಹಿ ತಿಂದರೆ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಆಮ್ಲ ಹಲ್ಲಿನ ಹೊರಪದರವಾದ ಎನಾಮೆಲ್‌ನ ಖನಿಜ ಕರಗಿಸುತ್ತದೆ. ಫ್ಲೋರೈಡ್ ಇದ್ದರೆ ಹೋದ ಖನಿಜ ವಾಪಸ್ ಬಂದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಹುಳ ಗಿಳ ಏನೂ ಇಲ್ಲ.

ಈಗ ನನಗೆ ಇಷ್ಟವಾದ ಕಥೆ. 1901. ಫ್ರೆಡರಿಕ್ ಮೆಕೇ ಎಂಬ ಹೊಸ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ. ನೋಡಿದರೆ, ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲು ಕಂದು. ಆದರೆ ಆ ಹಲ್ಲು ಸುಲಭಕ್ಕೆ ಹುಳುಕಾಗುವುದಿಲ್ಲ! ಯಾಕೆ ಅಂತ ಹುಡುಕುತ್ತಾ ಅವನಿಗೆ ಮೂವತ್ತು ವರ್ಷ ಹಿಡಿಯಿತು.

ಎಳೆ ಸಿಕ್ಕಿದ್ದು ಅರ್ಕನ್ಸಾದ ಬಾಕ್ಸೈಟ್‌ನಲ್ಲಿ. ಹೌದು, ಅಲ್ಯೂಮಿನಿಯಂ ಅದಿರಿನ ಹೆಸರೇ ಊರ ಹೆಸರು. ಅಲ್ಯೂಮಿನಿಯಂ ಕಂಪನಿ ಗಣಿಗಾಗಿ ಕಟ್ಟಿದ ಊರು. ಸಂಡೂರಿನ ದೋಣಿಮಲೈ ಟೌನ್‌ಶಿಪ್ ನೋಡಿದವರಿಗೆ ಚಿತ್ರ ಕಣ್ಣ ಮುಂದೆ ಬರುತ್ತದೆ. 1909ರಲ್ಲಿ ಆ ಊರು ಮೇಲುನೀರಿನ ಬಾವಿ ಬಿಟ್ಟು ಆಳದ ಕೊಳವೆಬಾವಿಗೆ ಹೋಯಿತು. ಆಮೇಲೆ ಬೆಳೆದ ಮಕ್ಕಳ ಹಲ್ಲು ಕಂದಾದವು. ಎಲ್ಲೋ ಕೇಳಿದ ಹಾಗಿದೆಯಾ? ನಮ್ಮಜ್ಜ ಸೇದುವ ಬಾವಿ ನೀರು ಕುಡಿದವರು, ಹಲ್ಲು ಬೆಳ್ಳಗಿದ್ದವು. ನಾನು ಬೋರ್‌ವೆಲ್ ಕಾಲದವನು. ನಮ್ಮದು ಹಳೆಯ ಗ್ರಾನೈಟ್ ನೆಲ. ಆಳಕ್ಕೆ ಇಳಿದಷ್ಟೂ ನೀರು ಬಂಡೆಯ ಸಂಗಡ ಬಹಳ ಕಾಲ ಕೂತಿರುತ್ತದೆ, ಫ್ಲೋರೈಡ್ ಎಳೆದುಕೊಳ್ಳುತ್ತದೆ.

1931ರಲ್ಲಿ ಕಂಪನಿಯ ರಸಾಯನತಜ್ಞ ಎಚ್. ವಿ. ಚರ್ಚಿಲ್ ಆ ನೀರು ಪರೀಕ್ಷಿಸಿದ. ಯುದ್ಧದ ಚರ್ಚಿಲ್ ಅಲ್ಲ, ಇವನು ಪಾಪ, ಬೇರೆಯವನು. ಜನ ಎಲ್ಲಿ ಅಲ್ಯೂಮಿನಿಯಂ ಪಾತ್ರೆಯನ್ನೇ ಬೈಯುತ್ತಾರೋ ಅನ್ನುವುದು ಇವನ ಚಿಂತೆ. ಸಿಕ್ಕಿದ್ದು ಫ್ಲೋರೈಡ್, ಲೀಟರಿಗೆ 13 ಮಿಲಿಗ್ರಾಂಗಿಂತ ಜಾಸ್ತಿ! ನಮ್ಮ ದೇಶದ ಮಾನದಂಡ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ.

[ಎಡಿಟರ್ ಗಡಿಯಾರ ತೋರಿಸುತ್ತಾನೆ]

ಆಯ್ತಪ್ಪಾ, ಬಂದೆ.

ಅಕ್ಕಾ, ರೊಟ್ಟಿ ನೆನಪಿಸಿಕೊಳ್ಳಿ. ವಸಡಿನೊಳಗೆ ತಯಾರಾಗುತ್ತಿರುವ ಹಲ್ಲು ಅಂದರೆ ನಾದುತ್ತಿರುವ ಹಿಟ್ಟು. ಕುಡಿದ ನೀರಿನ ಫ್ಲೋರೈಡ್ ರಕ್ತದ ಮೂಲಕ ಹೋಗಿ ಆ ಹಿಟ್ಟಿಗೇ ಬೆರೆಯುತ್ತದೆ. ಜಾಸ್ತಿಯಾದರೆ ರೊಟ್ಟಿಯೇ ಕೆಟ್ಟಿತು. ಸುಮಾರು ಎಂಟು ವರ್ಷದವರೆಗೆ ಈ ನಾದುವ ಕೆಲಸ ನಡೆಯುತ್ತಲೇ ಇರುತ್ತದೆ. ಹೊರಗೆ ಬಂದ ಹಲ್ಲು ಬೆಂದ ರೊಟ್ಟಿ. ಡಾಕ್ಟರು ಬ್ರಷ್‌ನಲ್ಲಿ ಹಚ್ಚುವ ಫ್ಲೋರೈಡ್ ವಾರ್ನಿಷ್ ಅದರ ಮೇಲೆ ಸವರುವ ಬೆಣ್ಣೆ.

ಬೆಣ್ಣೆಯ ಲೆಕ್ಕವನ್ನೂ ಹಾಕೋಣ. ವಾರ್ನಿಷ್‌ನಲ್ಲಿ ಸೋಡಿಯಂ ಫ್ಲೋರೈಡ್ ಶೇ. 5. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಬಾಯಿಯ ಅಷ್ಟೂ ಹಾಲುಹಲ್ಲಿಗೆ ಸೇರಿ ಬೇಕಾಗುವುದು ಕಾಲು ಮಿಲಿಲೀಟರ್. ಅದರಲ್ಲಿ ಫ್ಲೋರೈಡ್ ಸುಮಾರು 5.6 ಮಿಲಿಗ್ರಾಂ, ಅದೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ನಿಮ್ಮ ಬೋರ್‌ವೆಲ್ ನೀರಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಅಂದುಕೊಳ್ಳಿ. ಮಗ ದಿನಾ ಒಂದು ಲೀಟರ್ ಕುಡಿದರೆ ಎರಡೇ ದಿನಕ್ಕೆ ಅದನ್ನು ದಾಟುತ್ತಾನೆ. ನಿಮ್ಮ ಜಗಳ ಇರಬೇಕಾದ್ದು ನೀರಿನ ಕೊಡದ ಜೊತೆ, ಡಾಕ್ಟರ ಬ್ರಷ್ ಜೊತೆ ಅಲ್ಲ.

ಉಳಿದದ್ದು ಒಂದೇ ಉಸಿರಲ್ಲಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ದಟ್ಟವಾಗುತ್ತದೆ. ಆರ್‌ಒ ತೆಗೆಯುತ್ತದೆ, ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿರದಿದ್ದರೆ! ಶುದ್ಧ ಮಾಡಿದ ತುಂಗಭದ್ರಾ ನೀರು ನಲ್ಲಿಗೆ ಬರುತ್ತಿದ್ದರೆ ಅದನ್ನೇ ಕುಡಿಸಿ. ಪೇಸ್ಟು ಮೂರು ವರ್ಷದೊಳಗೆ ಅಕ್ಕಿ ಕಾಳಷ್ಟು, ಆರರವರೆಗೆ ಬಟಾಣಿ ಕಾಳಷ್ಟು. ಜಾಹೀರಾತಿನ ಹಾಗೆ ಬ್ರಷ್ ತುಂಬ ಹಾಕಬೇಡಿ, ಮಕ್ಕಳು ಅರ್ಧ ನುಂಗುತ್ತಾರೆ. ನಮ್ಮ ಕಡೆಯ ಮಕ್ಕಳಿಗೆ ಯಾವ ಪೇಸ್ಟು ಅಂತ ದಂತವೈದ್ಯರನ್ನು ಕೇಳಿ. ಫ್ಲೋರೈಡ್ ಮಾತ್ರೆ, ಹನಿ ಇಂಥ ನೀರಿನ ಊರಲ್ಲಿ ಬೇಡವೇ ಬೇಡ. ರಾತ್ರಿಯಿಡೀ ಬಾಯಲ್ಲಿ ಹಾಲಿನ ಬಾಟಲಿ ಇದ್ದರೆ ಯಾವ ವಾರ್ನಿಷ್ಷೂ ಗೆಲ್ಲುವುದಿಲ್ಲ.

ಹಾಗಾಗಿ ಅಕ್ಕಾ, ಹಚ್ಚಿಸಿ. ಮನೆಯ ನೀರು ಎಲ್ಲಿಯದು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಹಚ್ಚಿದ ಮೇಲೆ ಹಲ್ಲು ಸ್ವಲ್ಪ ಹಳದಿ ಕಾಣಬಹುದು. "ಅಯ್ಯೋ, ಇವನಿಗೂ ನಿಮ್ಮ ಹಲ್ಲೇ ಬಂತು" ಅಂತ ನನಗೆ ಮೆಸೇಜ್ ಹಾಕಬೇಡಿ, ಮರುದಿನ ಉಜ್ಜಿದರೆ ಹೋಗುತ್ತದೆ. ಅವತ್ತೊಂದು ದಿನ ಖಡಕ್ ರೊಟ್ಟಿ, ಬಿಸಿ ಮಿರ್ಚಿ ಕೊಡಬೇಡಿ. ಮೊಸರನ್ನ ಕಲಸಿ ಕೊಡಿ. ಮಿರ್ಚಿ ನೀವು ತಿನ್ನಿ.