ಈಜು ಬರ್ತದ ಅಂದ್ರೆ ಸ್ಕೂಬಾ ಬರ್ತದ ಅಂತಲ್ಲ

ಗಂಗಾವತಿ, ಆನೆಗೊಂದಿ ಕಡೆ ಹುಡುಗರಿಗೆ ಈಜು ಯಾರೂ ಕಲಿಸಬೇಕಿಲ್ಲ, ತುಂಗಭದ್ರೆನೇ ಕಲಿಸಿರ್ತಾಳೆ. ಈಗ ಇವರೇ ಗಾಡಿ ಮಾಡ್ಕೊಂಡು ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ರ ಸ್ಕೂಬಾ, ಅಂದ್ರೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋದು, ಮಾಡಿ ಬರ್ತಾರೆ. ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ "ನಾ ಹೊಳ್ಯಾಗ ಬೆಳದಾಂವ, ನನಗೇನ್ ಹೇಳ್ತೀರಿ" ಅಂತ ಬೋಟಿನಲ್ಲಿ ಟ್ರೇನರ್ ಹೇಳೋದನ್ನ ಕಿವಿಗೇ ಹಾಕ್ಕೊಳ್ಳಲ್ವಲ್ಲ, ಅವರ ಜೊತೆ ನನ್ನ ತಕರಾರು.

ಹೊಳೆ ಕಲಿಸಿದ್ದು ಉಸಿರು ಹಿಡಿಯೋದನ್ನ. ಸ್ಕೂಬಾದಲ್ಲಿ ಮೊದಲು ಬಿಡಬೇಕಾದ ಚಟನೇ ಅದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಗಾಳಿ ಎಳ್ಕೊಂಡು, ಗಾಬರಿಗೆ ಉಸಿರು ಬಿಗಿ ಹಿಡಿದು ಮೇಲೆ ಬಂದ್ರೆ, ಆ ಗಾಳಿ ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ. ಶ್ವಾಸಕೋಶ ಹರೀಬಹುದು. ಹೊಳೆಯಲ್ಲಿ ಹಿಂಗಾಗಲ್ಲ, ಅಲ್ಲಿ ಉಸಿರು ಎಳ್ಕೊಂಡಿದ್ದು ನೀರಿನ ಮೇಲೆ.

ಇನ್ನು ಸ್ಕೂಬಾದ ಹಳೇ ಹುಲಿಗಳು. ಕಲಿತು ಪಾಸಾದ ಕಾರ್ಡ್ ಇರ್ತದೆ, ಡೈವ್ ಲೆಕ್ಕ ಬಾಯಲ್ಲೇ ಇರ್ತದೆ, ಚೆಕ್ ಮಾಡೋದು ಮಾತ್ರ ಇರಲ್ಲ. ಸಿಲಿಂಡರಿನ ವಾಲ್ವ್ ಚೂರೇ ಚೂರು ತೆರೆದಿದ್ರೂ ಗಾಳಿ ಒತ್ತಡ ತೋರಿಸೋ ಗೇಜ್ 200 ಬಾರ್, ಅಂದ್ರೆ ಫುಲ್, ಅಂತ ತೋರಿಸುತ್ತೆ. ಬೋಟಿನ ಮೇಲೇ ನಾಲ್ಕು ಸಲ ಜೋರಾಗಿ ಉಸಿರೆಳೆದು ಮುಳ್ಳು ನೋಡ್ರಿ: ಎಳೆದಾಗೆಲ್ಲ ಅದು ಕೆಳಗೆ ಜಾರಿ ಮತ್ತೆ ಏರಿದ್ರೆ, ವಾಲ್ವ್ ಪೂರ್ತಿ ತೆರೆದಿಲ್ಲ ಅಂತರ್ಥ. ನೋಡದೇ ಇಳಿದ್ರೆ ಆಳಕ್ಕೆ ಹೋದಂಗೆ ಗಾಳಿ ಸಾಲಲ್ಲ. ಕೇಳಿದ್ರೆ, "ಇಷ್ಟು ವರ್ಷ ಏನೂ ಆಗಿಲ್ ಬಿಡ್ರಿ." ಆಗದೇ ಇದ್ದದ್ದು ವಾಲ್ವ್ ಸರಿ ಇತ್ತು ಅಂತ, ನೀವು ನೋಡಲಿಲ್ಲ ಅಂತಲ್ಲ! ಸಾಣಾಪುರ ಕೆರೆಯಲ್ಲಿ ಲೈಫ್ ಜಾಕೆಟ್ಟನ್ನ ಕುಂಡಿ ಕೆಳಗೆ ಹಾಕ್ಕೊಂಡು ಹರಿಗೋಲಲ್ಲಿ ಕೂರೋರದ್ದೂ ಇದೇ ರಾಗ.

ಕೊನೇದು ನಮ್ಮ ಕಡೆಯವರಿಗೇ. ಡೈವ್ ಮುಗಿಸಿ, ಮೀನೂಟ ಹೊಡೆದು, ಅದೇ ಸಂಜೆ ಅರಬೈಲ್ ಘಾಟ್ ಹತ್ತಿ ಹುಬ್ಬಳ್ಳಿ ಮೇಲೆ ಕೊಪ್ಪಳಕ್ಕೆ ಹೊರಟುಬಿಡ್ತೀರಿ. ನೀರೊಳಗೆ ಮೈಗೆ ಸೇರಿದ ನೈಟ್ರೋಜನ್ ಇನ್ನೂ ಪೂರ್ತಿ ಹೊರಗೆ ಹೋಗಿರಲ್ಲ, ಎತ್ತರಕ್ಕೆ ಹೋದ್ರೆ ಸುತ್ತಲಿನ ಒತ್ತಡ ಇಳಿದು ಅದು ಮೈಯೊಳಗೇ ಗಾಳಿಗುಳ್ಳೆ ಕಟ್ಟಬಹುದು. ವಿಮಾನ ಹತ್ತೋಕೆ ಒಂದು ಡೈವ್ ಆದ್ರೆ 12 ಗಂಟೆ, ಜಾಸ್ತಿ ಆದ್ರೆ 18 ಗಂಟೆ ಕಾಯಬೇಕು ಅಂತಾರೆ. ಹುಬ್ಬಳ್ಳಿನೂ ಸಮುದ್ರಮಟ್ಟದಿಂದ 600 ಮೀಟರ್ ಮೇಲೇ ಇದೆ. ಟ್ರೇನರ್ ಕೈ ಹಿಡಿದು ಇಳಿಸೋ ಮೊದಲ ಡೈವ್ 12 ಮೀಟರ್ ದಾಟೋ ಹಂಗಿಲ್ಲ, ಅದರಲ್ಲಿ ಅಪಾಯ ಕಮ್ಮಿ. ದಿನಕ್ಕೆ ಮೂರು ಡೈವ್ ಹೊಡೆದವರು ರಾತ್ರಿ ಅಲ್ಲೇ ರೂಮ್ ಮಾಡ್ರಿ. ಮರುದಿನ ಬೆಳಿಗ್ಗೆ ಬಿಟ್ರೂ ಮಧ್ಯಾಹ್ನದ ಊಟಕ್ಕೆ ಊರಲ್ಲಿರ್ತೀರಿ.