ತೋಟಕ್ಕೆ ಹೋಗುವ ಮರದ ಮಿಲ್ಲು, ಅದರ ಜೊತೆ ಹೋಗುವ ಪ್ಲಾಸ್ಟಿಕ್

ಕೇಳುಗರಿಗೆ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಅಂದ್ರೆ ಎಲ್ಲಾದರೂ ಮರ ಬೀಳುವುದು ಇದ್ದದ್ದೇ. ಹಳೆಯ ಹಲಸು, ಹೆಬ್ಬಲಸು, ಮಾವು, ಗುಡ್ಡೆ ಬದಿಯ ಅಕೇಶಿಯಾ. ರಸ್ತೆ ಪಕ್ಕದಲ್ಲಿ ಬಿದ್ದರೆ ಲಾರಿಗೆ ಹೇರಿ ಮಿಲ್ಲಿಗೆ ಒಯ್ಯಬಹುದು. ಬೆಳ್ತಂಗಡಿ, ಸುಳ್ಯ, ಹೆಬ್ರಿ ಕಡೆಯ ತೋಟಗಳಲ್ಲಿ ಅಷ್ಟು ಸುಲಭ ಇಲ್ಲ. ಕೆಳಗೆ ಅಡಿಕೆ ತೋಟ, ನಡುವೆ ತೋಡು, ದಾಟಲು ಒಂದು ಕಾಲುಸಂಕ. ಎರಡಡಿ ದಪ್ಪದ ಹಲಸಿನ ದಿಮ್ಮಿಯನ್ನು ಅಲ್ಲಿಂದ ಮೇಲೆ ತರುವುದು ಹೇಗೆ? ಕೊನೆಗೆ ಅಲ್ಲೇ ತುಂಡು ಮಾಡಿ ಸೌದೆ ಮಾಡುತ್ತಾರೆ. ದಾರಂದ, ಬಾಗಿಲು, ಮಂಚ ಆಗಬೇಕಿದ್ದ ಮರ ಬಚ್ಚಲ ಒಲೆಯಲ್ಲಿ ಮುಗಿದುಹೋಗುತ್ತದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಮಂಗಳೂರಿನ ನನ್ನ ಅಂಗಡಿಯಲ್ಲಿ ಮಾರುವ ಸಾಮಾನು ಇಂಥ ಮರಕ್ಕೇ ಇರುವುದು. ಪೆಟ್ರೋಲ್ ಚೈನ್ ಸಾ, ಅಂದರೆ ಮರ ಕಡಿಯುವ ಮೆಷಿನ್, ನಿಮಗೆಲ್ಲ ಗೊತ್ತು. ಅದರ ಬಾರಿಗೆ, ಅಂದರೆ ಚೈನ್ ಸುತ್ತ ಓಡುವ ಉದ್ದ ಪಟ್ಟಿಗೆ, ಒಂದು ಅಲ್ಯೂಮಿನಿಯಂ ಚೌಕಟ್ಟು ಬಿಗಿದು, ದಿಮ್ಮಿಯ ಮೇಲಿಟ್ಟು ತಳ್ಳಿಕೊಂಡು ಹೋದರೆ ಅದೇ ಮೆಷಿನ್ ಹಲಗೆ ಕೊಯ್ಯುತ್ತದೆ. ಇದಕ್ಕೆ ಅಲಾಸ್ಕನ್ ಮಿಲ್ ಎನ್ನುತ್ತಾರೆ. ಮೊದಲ ಸಲ ಕೊಯ್ಯುವಾಗ ದಿಮ್ಮಿಯ ಮೇಲೆ ನೇರವಾದ ಏಣಿಯನ್ನೋ ಹಲಗೆಯನ್ನೋ ಗಟ್ಟಿಯಾಗಿ ಕೂರಿಸಿಕೊಳ್ಳಬೇಕು. ಆಮೇಲೆ ಕೊಯ್ದ ಮಟ್ಟಸ ಮುಖದ ಮೇಲೆಯೇ ಚೌಕಟ್ಟು ಜಾರುತ್ತದೆ. ಇಬ್ಬರಿದ್ದರೆ ಎಲ್ಲವನ್ನೂ ಹೊತ್ತು ಸಂಕ ದಾಟಬಹುದು.

ಯಾರಿಗೆ ಬೇಕು, ಯಾರಿಗೆ ಬೇಡ ಎನ್ನುವುದನ್ನು ನಾನು ಅಂಗಡಿಯಲ್ಲೇ ಹೇಳುತ್ತೇನೆ. ಒಂದು ಸಲ ಕೊಯ್ದರೆ ಸುಮಾರು 8ರಿಂದ 10 ಮಿಲಿಮೀಟರ್ ಮರ ಹುಡಿಯಾಗಿ ಹೋಗುತ್ತದೆ. ಬ್ಯಾಂಡ್ ಸಾ, ಅಂದರೆ ತೆಳು ಪಟ್ಟಿಯ ಗರಗಸ ಇರುವ ಮಿಲ್ಲಿನಲ್ಲಿ ಇದರ ಕಾಲುಭಾಗ ಅಷ್ಟೇ. ದಪ್ಪ ಹಲಸಿಗೆ 70 ಸಿಸಿಗಿಂತ ಕಡಿಮೆಯ ಎಂಜಿನ್ ಸಾಲದು. ಸಣ್ಣ ಮೆಷಿನ್ ಇದ್ದವರಿಗೆ ಚೌಕಟ್ಟು ಮಾರಿದರೆ ಎಂಜಿನ್ ಸುಟ್ಟು ಅವರು ನನ್ನನ್ನು ಬೈಯುವುದು ಗ್ಯಾರಂಟಿ. ಚೈನೂ ಬೇರೆ ಬೇಕು. ಮರವನ್ನು ಅಡ್ಡಕ್ಕೆ ತುಂಡು ಮಾಡುವ ಚೈನಿನ ಹಲ್ಲನ್ನು ಸುಮಾರು 30 ಡಿಗ್ರಿಗೆ ಅರ ಹಾಕಿರುತ್ತಾರೆ, ಉದ್ದಕ್ಕೆ ಕೊಯ್ಯುವ ಚೈನಿಗೆ 10 ಡಿಗ್ರಿ. ಹಾಗೆಯೇ ಸ್ವಂತ ಜಾಗದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯುವ ಮೊದಲು, ಬಿದ್ದ ಮರವಾದರೆ ಕೊಯ್ಯುವ ಮೊದಲು, ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಳ್ಳಿ. ವರ್ಷಕ್ಕೆ ಒಂದು ಮರ ಕೊಯ್ಯುವವರು ಇದನ್ನು ಕೊಳ್ಳುವ ಅಗತ್ಯವೇ ಇಲ್ಲ. ನಾಲ್ಕೈದು ಮನೆಯವರು ಸೇರಿ ಒಂದು ಇಟ್ಟುಕೊಂಡರೆ ಸಾಕು.

ಇವತ್ತು ನಾನು ಮುಖ್ಯವಾಗಿ ಹೇಳಬೇಕಾದದ್ದು ಈ ಸಾಮಾನಿನ ಪ್ಯಾಕಿಂಗ್ ಬಗ್ಗೆ.

ಹೊರಗಿನಿಂದ ಬರುವ ಒಂದು ಪೆಟ್ಟಿಗೆ ಬಿಚ್ಚಿ ನೋಡಿ. ಮೇಲೆ ಸ್ಟ್ರೆಚ್ ಫಿಲ್ಮ್ ಎಂಬ ತೆಳು ಪ್ಲಾಸ್ಟಿಕ್, ನಾಲ್ಕಾರು ಸುತ್ತು. ಅದನ್ನು ಕೊಯ್ದರೆ ಕಂದು ಪ್ಲಾಸ್ಟಿಕ್ ಟೇಪು. ಒಳಗೆ ಥರ್ಮಾಕೋಲ್. ಅದರೊಳಗೆ ಚೌಕಟ್ಟಿನ ಒಂದೊಂದು ಪಟ್ಟಿಗೂ ಒಂದೊಂದು ಗುಳ್ಳೆ ಪ್ಲಾಸ್ಟಿಕ್ಕಿನ ಅಂಗಿ. ನಟ್ಟು ಬೋಲ್ಟಿಗೆ ಸಣ್ಣ ಸಣ್ಣ ಜಿಪ್ ಚೀಲ. ಚೈನಿಗೆ ಇನ್ನೊಂದು. ಅದರ ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ. ಎಲ್ಲ ತೆಗೆದು ಪಕ್ಕಕ್ಕೆ ಇಟ್ಟರೆ ಸಾಮಾನಿಗಿಂತ ಪ್ಲಾಸ್ಟಿಕ್ಕಿನ ರಾಶಿಯೇ ದೊಡ್ಡದು ಕಾಣುತ್ತದೆ.

ಈ ರಾಶಿ ಎಲ್ಲಿಗೆ ಹೋಗುತ್ತದೆ? ಪೇಟೆಯಲ್ಲಾದರೆ ಕಸದ ಗಾಡಿ ಬರುತ್ತದೆ. ತೋಡಿನ ಆಚೆಯ ತೋಟಕ್ಕೆ ಯಾವ ಗಾಡಿಯೂ ಬರುವುದಿಲ್ಲ. ಗುಜರಿಯವರು ರಟ್ಟು ಕೇಳುತ್ತಾರೆ, ತೆಳು ಪ್ಲಾಸ್ಟಿಕ್ ಬೇಡ ಅನ್ನುತ್ತಾರೆ. ಹಾಗಾಗಿ ಅದೂ ಬಚ್ಚಲ ಒಲೆಗೇ ಹೋಗುತ್ತದೆ. ಬೆಳಿಗ್ಗೆ ಮನೆಯವರೆಲ್ಲ ಸ್ನಾನಕ್ಕೆ ನೀರು ಕಾಯಿಸುವ ಒಲೆ ಅದು. ಥರ್ಮಾಕೋಲ್ ಉರಿದರೆ ದಟ್ಟ ಕಪ್ಪು ಮಸಿ. ಪಿವಿಸಿ ಎಂಬ ಬಗೆಯ ಪ್ಲಾಸ್ಟಿಕ್ ಸೇರಿದ್ದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷ. ಒಲೆ ಊದುವವರು ಹೆಚ್ಚಾಗಿ ಮನೆಯ ಹೆಂಗಸರು, ಪಕ್ಕದಲ್ಲಿ ಮಕ್ಕಳು. ಮರ ಸೌದೆಯಾಗದಿರಲಿ ಎಂದು ಸಾಮಾನು ಮಾರುವ ನಾನು ಅದೇ ಒಲೆಗೆ ಪ್ಲಾಸ್ಟಿಕ್ ಕಳಿಸುವುದು ಸರಿಯಾ? ನನ್ನ ಮಟ್ಟಿಗೆ ಸರಿಯಲ್ಲ.

ಹಾಗಂತ ಪ್ಲಾಸ್ಟಿಕ್ ಸುಮ್ನೆ ಕಿತ್ತು ಬಿಸಾಡಿದರೆ ಆಗುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಸುತ್ತಮುತ್ತ ಮಳೆ. ಸಮುದ್ರದ ಗಾಳಿ, ಗಾಳಿಯಲ್ಲಿ ಉಪ್ಪು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಗೋಡೆಗೆ ತೂಗುಹಾಕಿದ ಚೂರಿ ಕೂಡ ತುಕ್ಕು ಹಿಡಿಯುತ್ತದೆ. ಆದ್ದರಿಂದ ಪ್ರತಿಯೊಂದು ಹಾಳೆ ತೆಗೆಯುವಾಗಲೂ ಕೇಳಬೇಕು: ಇದು ಯಾವುದರಿಂದ ಕಾಪಾಡುತ್ತಿದೆ? ಹೀಗೆ ಕೇಳುತ್ತಾ ಹೋದರೆ ಅರ್ಧಕ್ಕಿಂತ ಜಾಸ್ತಿ ಪ್ಲಾಸ್ಟಿಕ್ ಯಾವುದನ್ನೂ ಕಾಪಾಡುತ್ತಿಲ್ಲ ಎಂದು ಗೊತ್ತಾಗುತ್ತದೆ.

ನಟ್ಟು ಬೋಲ್ಟನ್ನೇ ತೆಗೆದುಕೊಳ್ಳಿ. ಚೀಲ ಇರುವುದು ಅವು ಕಳೆದುಹೋಗದಿರಲಿ ಎಂದು ಮಾತ್ರ. ಚೌಕಟ್ಟಿನಲ್ಲಿ ಅವುಗಳಿಗೆ ತೂತು ಇದ್ದೇ ಇದೆಯಲ್ಲ? ಆ ತೂತಿಗೇ ಬೋಲ್ಟು ಹಾಕಿ, ವಾಷರ್ ಸೇರಿಸಿ, ನಟ್ಟನ್ನು ಕೈಯಲ್ಲೇ ತಿರುಗಿಸಿ ಬಿಟ್ಟರಾಯಿತು. ಚೀಲವೂ ಬೇಡ, ಯಾವ ಬೋಲ್ಟು ಎಲ್ಲಿಗೆ ಎಂದು ಹುಡುಕುವ ಕೆಲಸವೂ ಇಲ್ಲ. ಅಲ್ಯೂಮಿನಿಯಂ ಪಟ್ಟಿಗಳಿಗೆ ಗುಳ್ಳೆ ಪ್ಲಾಸ್ಟಿಕ್ ಯಾಕೆ? ಮರದ ಮೇಲೆ ಉಜ್ಜಿಕೊಂಡು ಓಡಾಡಬೇಕಾದ ಪಟ್ಟಿ ಅದು, ಸಣ್ಣ ಗೀರು ಬಿದ್ದರೆ ಏನೂ ಆಗದು. ನಡುವೆ ಒಂದು ಕಂದು ಕಾಗದ ಇಟ್ಟು ಒಂದರ ಮೇಲೊಂದು ಜೋಡಿಸಿದರೆ ಸಾಕು. ಪಟ್ಟಿಯ ಚೂಪು ತುದಿ ರಟ್ಟನ್ನು ತೂತು ಮಾಡುತ್ತದೆ ಅನ್ನುವುದು ನಿಜ. ಅಲ್ಲಿಗೆ ಅಡಿಕೆ ಹಾಳೆ. ಹಾಳೆಯನ್ನು ನೀರಿನಲ್ಲಿ ನೆನೆಸಿ, ತುದಿಯ ಅಳತೆಗೆ ಮಡಚಿ, ಹುರಿಹಗ್ಗದಲ್ಲಿ ಕಟ್ಟಿ ಬಿಸಿಲಿಗೆ ಇಟ್ಟರೆ ಆ ಆಕಾರದಲ್ಲೇ ಒಣಗಿ ಗಟ್ಟಿಯಾಗುತ್ತದೆ. ಇದನ್ನು ಬೇಸಗೆಯಲ್ಲೇ ಮಾಡಿ ಇಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಮಾಡಿದರೆ ಬೂಸ್ಟು ಹಿಡಿಯುತ್ತದೆ.

ಕಷ್ಟ ಇರುವುದು ಚೈನಿನಲ್ಲಿ. ಒಂದೊಂದು ಹಲ್ಲಿನ ಅಂಚೂ ಹರಿತ, ತುಕ್ಕು ಮೊದಲು ತಿನ್ನುವುದು ಆ ಅಂಚನ್ನೇ. ಕೆಲವರು ಕೇಳುತ್ತಾರೆ, ನಮ್ಮ ಹಿರಿಯರು ಅಕ್ಕಿಮುಡಿ ಕಟ್ಟುತ್ತಿರಲಿಲ್ವಾ, 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮಳೆಗಾಲ ಪೂರ್ತಿ ಕಾಪಾಡುತ್ತಿರಲಿಲ್ವಾ, ಇದನ್ನೂ ಹಾಗೆಯೇ ಕಟ್ಟಬಾರದಾ ಎಂದು. ಮುಡಿಯ ಬಗ್ಗೆ ನನಗೆ ತುಂಬಾ ಗೌರವ. ಆದರೆ ಬೈಹುಲ್ಲು ಗಾಳಿ ಆಡಲು ಬಿಡುತ್ತದೆ. ಅಕ್ಕಿಗೆ ಅದು ಒಳ್ಳೆಯದು, ಉಕ್ಕಿಗೆ ಅದೇ ಶತ್ರು. ಮಿಲ್ಲಿನಲ್ಲಿ ಪುಕ್ಕಟೆ ಸಿಗುವ ಮರದ ಹುಡಿಯೂ ಹಾಗೆಯೇ. ಮೆತ್ತಗಿರುತ್ತದೆ, ಪೆಟ್ಟು ತಡೆಯುತ್ತದೆ, ಆದರೆ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಚೈನಿನ ಹತ್ತಿರ ಎರಡನ್ನೂ ತರಬಾರದು.

ಇದಕ್ಕೆ ವಿಸಿಐ ಕಾಗದ ಎಂಬುದು ಸಿಗುತ್ತದೆ. ಯಂತ್ರದ ಬಿಡಿಭಾಗ ಕಳಿಸುವ ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಾರೆ. ಕಾಗದಕ್ಕೆ ಸವರಿದ ರಾಸಾಯನಿಕ ನಿಧಾನವಾಗಿ ಆವಿಯಾಗಿ ಲೋಹದ ಮೇಲೆ ಕೂರುತ್ತದೆ, ತುಕ್ಕು ಶುರುವಾಗಲು ಬಿಡುವುದಿಲ್ಲ. ಅದು ಕೆಲಸ ಮಾಡಬೇಕಾದರೆ ಆವಿ ಹೊರಗೆ ಹೋಗದಂತೆ ಒತ್ತಾಗಿ ಸುತ್ತಬೇಕು. ಚೈನನ್ನು ಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಮೂರು ಸುರುಳಿಯಾಗಿ ಮಡಚಿ. ಸವರಿದ ಮುಖ ಒಳಗೆ ಬರುವಂತೆ ಕಾಗದದಲ್ಲಿ ಎರಡು ಸುತ್ತು ಸುತ್ತಿ ಅಂಚು ಮಡಚಿ ಒತ್ತಿ. ಹಲ್ಲು ಕಾಗದ ಹರಿಯದಂತೆ ಸುರುಳಿಯ ಹೊರಸುತ್ತಿಗೆ ಮೊದಲೇ ಅದೇ ಕಾಗದದ ದಪ್ಪ ಪಟ್ಟಿಯೊಂದನ್ನು ಕೊಟ್ಟಿರಬೇಕು. ಆಮೇಲೆ ಗಟ್ಟಿ ರಟ್ಟಿನ ಲಕೋಟೆ. ಚೈನನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ತಾಗಿದ ಜಾಗದಲ್ಲಿ ಬೆರಳಿನ ಗುರುತೇ ತುಕ್ಕಾಗಿ ಏಳುತ್ತದೆ.

ಕೊಳ್ಳುವಾಗ ಒಂದು ಜಾಗ್ರತೆ. ವಿಸಿಐ ಕಾಗದದಲ್ಲಿ ಕೆಲವಕ್ಕೆ ಹಿಂಬದಿ ಪ್ಲಾಸ್ಟಿಕ್ ಅಂಟಿಸಿರುತ್ತಾರೆ. ನೋಡಲು ಕಾಗದವೇ. ಮೂಲೆ ಹಿಡಿದು ನಿಧಾನವಾಗಿ ಹರಿದು ನೋಡಿ. ಬರೀ ಕಾಗದವಾದರೆ ನಾರು ಬಿಟ್ಟುಕೊಂಡು ಹರಿಯುತ್ತದೆ. ಪ್ಲಾಸ್ಟಿಕ್ ಇದ್ದರೆ ಕೊನೆಯಲ್ಲಿ ತೆಳು ಪದರವೊಂದು ಎಳೆದಷ್ಟೂ ಹಿಗ್ಗುತ್ತದೆ. ಅಂಥ ಕಾಗದ ಬರೀ ಪ್ಲಾಸ್ಟಿಕ್ಕಿಗಿಂತ ಕಡೆ. ಕಾಗದದವರೂ ತೆಗೆದುಕೊಳ್ಳುವುದಿಲ್ಲ, ಪ್ಲಾಸ್ಟಿಕ್ಕಿನವರೂ ತೆಗೆದುಕೊಳ್ಳುವುದಿಲ್ಲ.

ಥರ್ಮಾಕೋಲಿನ ಬದಲು ಹಳೆಯ ರಟ್ಟು ಧಾರಾಳ ಆಯಿತು. ಬಂದರು ಪ್ರದೇಶದ ಅಂಗಡಿಗಳಲ್ಲಿ ದಿನವೂ ಎಷ್ಟು ಖಾಲಿ ಪೆಟ್ಟಿಗೆ ಹೊರಗೆ ಬೀಳುತ್ತವೆ ಎಂದು ನೀವೇ ನೋಡಿದ್ದೀರಿ. ಅವನ್ನು ಜಾಲರಿಯಂತೆ ಸೀಳಿ ಮಡಚಿದರೆ ಒಳ್ಳೆ ಮೆತ್ತೆ. ಅದಕ್ಕಿಂತ ಮುಖ್ಯ ಅಂದರೆ ಪೆಟ್ಟಿಗೆಯನ್ನೇ ಸಾಮಾನಿನ ಅಳತೆಗೆ ಮಾಡಿಸುವುದು. ಒಳಗೆ ಜಾಗ ಖಾಲಿ ಇಲ್ಲದಿದ್ದರೆ ತುಂಬಿಸುವ ಪ್ರಶ್ನೆಯೇ ಬರುವುದಿಲ್ಲ. ಪ್ಲಾಸ್ಟಿಕ್ ಟೇಪಿನ ಬದಲು ನೀರು ತಾಗಿಸಿ ಅಂಟಿಸುವ ಕಾಗದದ ಟೇಪು. ಇದು ರಟ್ಟಿನ ನಾರಿಗೇ ಕಚ್ಚಿಕೊಳ್ಳುತ್ತದೆ, ಕಿತ್ತರೆ ರಟ್ಟೇ ಹರಿದು ಬರುತ್ತದೆ. ಬೆಲೆ ಜಾಸ್ತಿ, ಆದರೆ ಪ್ಲಾಸ್ಟಿಕ್ ಟೇಪು ನಾಲ್ಕು ಸುತ್ತು ಹಾಕುವಲ್ಲಿ ಇದು ಒಂದು ಪಟ್ಟಿ ಸಾಕು.

ಇನ್ನು ಮಳೆ. ರಟ್ಟಿನ ಪೆಟ್ಟಿಗೆ ತೇವ ಕುಡಿದರೆ ಅದರ ಬಲ ತುಂಬಾ ಇಳಿಯುತ್ತದೆ. ನಮ್ಮ ಕಡೆ ಪಾರ್ಸೆಲ್ ಹೋಗುವುದು ಬಸ್ಸಿನಲ್ಲಿ. ಸ್ಟೇಟ್ ಬ್ಯಾಂಕ್ ಹತ್ತಿರದ ಬಸ್ ನಿಲ್ದಾಣದಲ್ಲಿ ಹೇರಿ, ನಿಮ್ಮ ಊರಿನಲ್ಲಿ ಯಾವುದೋ ಕಟ್ಟೆಯ ಅಂಗಡಿಯ ಮುಂದೆ ಇಳಿಸುತ್ತಾರೆ. ನೀವು ಬಂದು ಒಯ್ಯುವವರೆಗೆ ಎರಚಲು ಮಳೆ ಹೊಡೆಯುತ್ತಲೇ ಇರುತ್ತದೆ. ಇದಕ್ಕೆ ಪ್ಲಾಸ್ಟಿಕ್ ಬಿಟ್ಟು ಬೇರೆ ದಾರಿ ಇದೆ ಎಂದು ನಾನು ಹೇಳುವುದಿಲ್ಲ. ಮೇಣ ಸವರಿದ ರಟ್ಟು ಇದೆ, ಆದರೆ ಅದನ್ನು ಮತ್ತೆ ಕಾಗದ ಮಾಡಲು ಬರುವುದಿಲ್ಲ. ನನಗೆ ಸರಿ ಕಾಣುವುದು ದಪ್ಪ ಟರ್ಪಾಲಿನಲ್ಲಿ ಹೊಲಿದ ಚೀಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆ ಅದರೊಳಗೆ ಹೋಗುತ್ತದೆ. ಚೀಲಕ್ಕೆ ಒಂದಿಷ್ಟು ಡಿಪಾಸಿಟ್. ಮಡಚಿ ಅದೇ ಬಸ್ಸಿನಲ್ಲಿ ವಾಪಸ್ ಕಳಿಸಿದರೆ ದುಡ್ಡು ವಾಪಸ್. ಅದೂ ಪ್ಲಾಸ್ಟಿಕ್ಕೇ, ಒಪ್ಪುತ್ತೇನೆ. ಆದರೆ ಒಂದು ಚೀಲ ಹಲವು ಮಳೆಗಾಲ ದುಡಿಯುತ್ತದೆ, ಒಲೆಗೆ ಹೋಗುವುದಿಲ್ಲ. ಬಾರಿನ ಮೇಲೆ ಬರುವ ಗಟ್ಟಿ ಪ್ಲಾಸ್ಟಿಕ್ ಕವಚವನ್ನೂ ನಾನು ತೆಗೆಯುವುದಿಲ್ಲ. ಚೈನ್ ಹಾಕಿದ ಮೆಷಿನ್ ಹೊತ್ತು ನಡೆಯುವವರ ಕಾಲು ಉಳಿಸುವುದು ಅದು.

ಮಣ್ಣಲ್ಲಿ ಕರಗುತ್ತದೆ ಎಂದು ಹಸಿರು ಎಲೆಯ ಚಿತ್ರ ಹಾಕಿ ಬರುವ ಪ್ಲಾಸ್ಟಿಕ್ಕನ್ನು ಮಾತ್ರ ನಂಬಬೇಡಿ. ಕೆಲವು ಬಿಸಿಲಿಗೆ ಚೂರುಚೂರಾಗುತ್ತವೆ ಅಷ್ಟೇ, ಚೂರು ತೋಟದಲ್ಲೇ ಉಳಿಯುತ್ತದೆ. ನಿಜವಾದ ಕಾಂಪೋಸ್ಟ್ ಪ್ಲಾಸ್ಟಿಕ್ಕಿಗೆ ಐಎಸ್ 17088 ಎಂಬ ಮಾನದಂಡ ಇದೆ. ಅದೂ ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ ಕರಗುವಂಥದ್ದು, ಅಡಿಕೆ ಬುಡದಲ್ಲಿ ಅಲ್ಲ.

ಸರ್ಕಾರ ನಿಷೇಧ ಮಾಡಿದೆಯಲ್ಲ ಎಂದು ಕೇಳಬಹುದು. 2016ರಲ್ಲಿ ಕರ್ನಾಟಕದಲ್ಲಿ, 2022ರ ಜುಲೈ 1ರಿಂದ ದೇಶದಲ್ಲೆಲ್ಲ ಕೆಲವು ಪ್ಲಾಸ್ಟಿಕ್ ಸಾಮಾನುಗಳ ಮೇಲೆ ನಿಷೇಧ ಬಂತು. ಆದರೆ ಯಂತ್ರದ ಪೆಟ್ಟಿಗೆಯೊಳಗಿನ ಗುಳ್ಳೆ ಪ್ಲಾಸ್ಟಿಕ್, ಜಿಪ್ ಚೀಲ ಅದರಲ್ಲಿ ಸೇರಿಲ್ಲ. ತಯಾರಕರು, ಆಮದು ಮಾಡುವವರು ತಮ್ಮ ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಹೊಣೆ ಹೊರಬೇಕು ಎಂಬ ನಿಯಮ ಇದೆ. ತೋಡಿನ ಆಚೆಯ ಮನೆಯಿಂದ ಅದನ್ನು ಸಂಗ್ರಹಿಸಲು ಮಾತ್ರ ಯಾರೂ ಬರುವುದಿಲ್ಲ. ಪೇಟೆಯಲ್ಲಿ ಸಂಗ್ರಹಿಸಿದ್ದೂ ಎಲ್ಲೋ ಒಂದು ಕಡೆ ರಾಶಿ ಬೀಳಲೇಬೇಕಲ್ಲ? 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಪಕ್ಕದ ಮಂದಾರ ಎಂಬ ಊರಿನ ಮೇಲೆ ಬಂತು. ಮನೆ, ಅಡಿಕೆ ತೋಟ, ತೆಂಗಿನ ತೋಟ ಕಸದಡಿ ಹೋಯಿತು. ತಲೆಮಾರಿನಿಂದ ಬಾಳಿದ ಜಾಗ ಬಿಟ್ಟು ಜನ ಹೊರಡಬೇಕಾಯಿತು. ಆ ಕಸದಲ್ಲಿ ಅಂಗಡಿಗಳಿಂದ ಹೋದ ಪ್ಯಾಕಿಂಗೂ ಇತ್ತು. ಅಂಗಡಿ ನಡೆಸುವ ನಾವು ಇದನ್ನು ಮರೆಯಬಾರದು.

ಪೆಟ್ಟಿಗೆ ನಿಮ್ಮ ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಶಾಯಿಯ ಅಚ್ಚು ಕಡಿಮೆ ಇರುವ ರಟ್ಟನ್ನು ನೆನೆಸಿ ಬಾಳೆಯ ಬುಡಕ್ಕೆ ಹಾಸಿ, ಮೇಲೆ ಸೊಪ್ಪು ಹಾಕಿದರೆ ಕಳೆ ಬರುವುದಿಲ್ಲ. ವಿಸಿಐ ಕಾಗದವನ್ನು ಮಣ್ಣಿಗೂ ಹಾಕಬೇಡಿ, ಒಲೆಗೂ ಹಾಕಬೇಡಿ. ಕೆಲಸ ಮುಗಿದ ಮೇಲೆ ಚೈನನ್ನು ಒರೆಸಿ ಅದರಲ್ಲೇ ಸುತ್ತಿಡಿ, ಮುಂದಿನ ಮರ ಬೀಳುವವರೆಗೆ ಹರಿತ ಉಳಿಯುತ್ತದೆ. ಉಳಿದ ಚೂರುಪಾರು ಪ್ಲಾಸ್ಟಿಕ್ಕನ್ನು ಒಣಗಿಸಿ ಒಂದು ಗೋಣಿಯಲ್ಲಿ ಕೂಡಿಟ್ಟು ಪಂಚಾಯತಿನ ಒಣಕಸಕ್ಕೆ ಕೊಡಿ. ಕಾರ್ಕಳದ ನಿಟ್ಟೆಯಲ್ಲಿ, ನಮ್ಮ ತೆಂಕ ಎಡಪದವಿನಲ್ಲಿ ಇಂಥ ಒಣಕಸ ವಿಂಗಡಿಸುವ ಘಟಕಗಳಿವೆ.

ಯಾವುದೇ ಯಂತ್ರ ತರಿಸುವುದಿದ್ದರೂ ಆರ್ಡರ್ ಕೊಡುವಾಗಲೇ ಅಂಗಡಿಯವರಿಗೆ ಹೇಳಿ, ಗುಳ್ಳೆ ಪ್ಲಾಸ್ಟಿಕ್, ಥರ್ಮಾಕೋಲ್ ಬೇಡ ಎಂದು. ಪೆಟ್ಟಿಗೆ ಕಟ್ಟಿದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ. ಗಿರಾಕಿ ಬಾಯಿಬಿಟ್ಟು ಕೇಳಿದರೆ ನಾವೂ ನಮಗೆ ಮಾಲು ಕಳಿಸುವವರಿಗೆ ಧೈರ್ಯವಾಗಿ ಬರೆಯಬಹುದು. ಮಳೆಗಾಲದಲ್ಲಿ ತರಿಸುವವರು ಟರ್ಪಾಲಿನ ಚೀಲ ಕೊಡ್ತೀರಾ ಎಂದೂ ಕೇಳಿ. ಕೊಟ್ಟರೆ ಮಡಚಿ ಮುಂದಿನ ಬಸ್ಸಿಗೇ ಹಾಕಿ ಕಳಿಸಿಬಿಡಿ, ಇನ್ನೊಬ್ಬರ ಪೆಟ್ಟಿಗೆ ಅದಕ್ಕೆ ಕಾಯುತ್ತಿರುತ್ತದೆ.

ನಮಸ್ಕಾರ.